ಬಾತುಮರಿ ತರಿಸುವ ಮೊದಲು ಗಂಟೆ ಎಣಿಸಿ

ತೋಟದ ಬಸಿಗಾಲುವೆಯಲ್ಲಿ ಹತ್ತು ಬಾತುಕೋಳಿ ಬಿಟ್ಟರೆ ಬಸವನಹುಳುವಿನ ಕಾಟ ತಗ್ಗುತ್ತದೆ, ಮನೆಗೆ ಮೊಟ್ಟೆಯೂ ಆಗುತ್ತದೆ ಎಂಬ ಮಾತು ಈಚೆಗೆ ನಮ್ಮ ಸದಸ್ಯರಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಗೊಬ್ಬರಕ್ಕೆಂದು ಸಂಘಕ್ಕೆ ಬಂದವರು, ಅಡಿಕೆ ತೂಗಿಸಲು ಬಂದವರು, ಎಲ್ಲರೂ ಮರಿ ಎಲ್ಲಿ ಸಿಗುತ್ತದೆ, ಹೇಗೆ ತರಿಸುವುದು ಎಂದು ವಿಚಾರಿಸುತ್ತಾರೆ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕೆರೆ, ಹಳ್ಳ, ಜವುಗು ಇರುವ ನಮ್ಮ ಕಡೆಯ ಸಣ್ಣ ಹಿಡುವಳಿಗೆ ಬಾತುಕೋಳಿ ಹೊಂದುವ ಹಕ್ಕಿಯೇ ಸರಿ. ಆದರೆ ತರಿಸುವ ಕ್ರಮವನ್ನು ಯೋಚಿಸದೆ ಕೈಹಾಕಿದವರಿಗೆ ಕೊನೆಗೆ ಉಳಿಯುವುದು ಖಾಲಿ ಪೆಟ್ಟಿಗೆ ಮತ್ತು ಬೇಸರ. ಆದುದರಿಂದ ಬಾತು ಸಾಕಣೆಯ ಲಾಭವನ್ನು ವರ್ಣಿಸುವುದಕ್ಕಿಂತ, ಅದನ್ನು ದೂರದಿಂದ ತರಿಸುವ ಕ್ರಮದ ಬಗ್ಗೆ ನಾಲ್ಕು ಮಾತು ಬರೆಯುವುದು ಹೆಚ್ಚು ಉಪಯುಕ್ತವೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಬ್ಬೊಬ್ಬ ಸದಸ್ಯನೂ ಬೇರೆಬೇರೆಯಾಗಿ ಹತ್ತೋ ಇಪ್ಪತ್ತೋ ಮರಿಗೆ, ಇಲ್ಲವೇ ಒಂದು ಡಜನ್ ಮೊಟ್ಟೆಗೆ ಹಣ ಕಳಿಸುವ ಪದ್ಧತಿ ನಿಲ್ಲಬೇಕು. ಸಂಘವೇ ವರ್ಷಕ್ಕೊಮ್ಮೆ, ಒಂದು ಗೊತ್ತಾದ ದಿನಕ್ಕೆ, ಎಲ್ಲರ ಪರವಾಗಿ ಮರಿ ತರಿಸಬೇಕು. ಬಂದ ಮರಿಗಳನ್ನು ಮೊದಲ ಮೂರು ವಾರ ಒಂದೇ ಕಡೆ ಸಾಕಿ, ಆಮೇಲೆ ಹಂಚಬೇಕು. ಸತ್ತವುಗಳ ನಷ್ಟವನ್ನು ತರಿಸಿದವರೆಲ್ಲರೂ ಸಮನಾಗಿ ಹೊರಬೇಕು. ಇದಕ್ಕೆ ಕಾರಣಗಳು ಕೆಳಗಿವೆ.

ಎಪ್ಪತ್ತೆರಡು ಗಂಟೆಯ ಬುತ್ತಿ

ಮೊಟ್ಟೆಯೊಡೆದು ಹೊರಬರುವ ಮುನ್ನ ಮರಿಯು ಮೊಟ್ಟೆಯ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಪ್ರಕೃತಿ ಕಟ್ಟಿಕೊಟ್ಟ ಈ ಬುತ್ತಿಯ ಬಲದಿಂದ ಅದು ಎರಡು ಮೂರು ದಿನ ನೀರು, ಆಹಾರ ಇಲ್ಲದೆ ಬದುಕಬಲ್ಲುದು. ಮರಿಗಳನ್ನು ದೂರದೂರಿಗೆ ಕಳಿಸುವ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಅಮೆರಿಕ ದೇಶದಲ್ಲಿ 1918ರಿಂದಲೂ ಅಂಚೆ ಇಲಾಖೆಯೇ ಒಂದು ದಿನದ ಕೋಳಿಮರಿಗಳನ್ನು ಪೆಟ್ಟಿಗೆಯಲ್ಲಿ ಸಾಗಿಸುತ್ತ ಬಂದಿದೆ. ಈಗ ಅಲ್ಲಿ ಬಾತುಮರಿಯೂ ಅದೇ ದಾರಿಯಲ್ಲಿ ಹೋಗುತ್ತದೆ. ರೈತ ಕಾಗದ ಬರೆದು, ಈಗ ಫೋನು ಮಾಡಿ, ಮುಂಗಡ ಕಳಿಸಿದರೆ ಮರಿಗಳು ಅಂಚೆ ಕಚೇರಿಗೆ ಬಂದಿಳಿಯುತ್ತವೆ. ಅಲ್ಲಿಯ ನಿಯಮವೂ ಮೊಟ್ಟೆಯೊಡೆದ 72 ಗಂಟೆಗಳೊಳಗೆ ತಲುಪಬೇಕೆಂದೇ ಇದೆ. ಇಷ್ಟು ವರ್ಷಗಳ ಅನುಭವ, ಇಷ್ಟು ವ್ಯವಸ್ಥೆ ಇದ್ದರೂ 2025ರಲ್ಲಿ ಡೆಲವೇರ್ ರಾಜ್ಯದ ಒಂದು ಅಂಚೆ ಕೇಂದ್ರದಲ್ಲಿ ಸುಮಾರು 12,000 ಮರಿಗಳಿದ್ದ ಲಾರಿ ಮೂರು ದಿನ ಹಾಗೆಯೇ ನಿಂತುಹೋಗಿ ಸಾವಿರಾರು ಮರಿಗಳು ಸತ್ತವು. ಮರಿಗಳಲ್ಲಿ ದೋಷವಿರಲಿಲ್ಲ, ಪೆಟ್ಟಿಗೆಯಲ್ಲೂ ಇರಲಿಲ್ಲ. ಸಮಯಕ್ಕೆ ಇಳಿಸಿಕೊಳ್ಳುವವರು ಇರಲಿಲ್ಲ, ಅಷ್ಟೆ.

ನಮ್ಮಲ್ಲಿ ಮನೆಬಾಗಿಲಿಗೆ ಅಂಚೆಯಣ್ಣ ಬಾತುಮರಿ ತಂದುಕೊಡುವ ಪದ್ಧತಿ ಇಲ್ಲ. ಹಣ ಬ್ಯಾಂಕಿನ ಮೂಲಕ ಹೋಗುತ್ತದೆ, ಮರಿ ರೈಲಿನಲ್ಲೋ ಬಸ್ಸಿನಲ್ಲೋ ಬಾಡಿಗೆ ಜೀಪಿನಲ್ಲೋ ಬರುತ್ತದೆ. ಗಂಟೆಯ ಲೆಕ್ಕ ಮಾತ್ರ ಒಂದೇ. ನಮ್ಮ ದೇಶದ 1978ರ ಪ್ರಾಣಿ ಸಾಗಾಣಿಕೆ ನಿಯಮಗಳಿಗೆ 2001ರಲ್ಲಿ ಸೇರಿಸಿದ ಕೋಳಿ ಸಾಗಾಣಿಕೆಯ ಅಧ್ಯಾಯದಲ್ಲೂ, ಒಂದು ದಿನದ ಮರಿಗಳನ್ನು ಒಡೆದ ಕೂಡಲೇ ಕಟ್ಟಿ ಕಳಿಸಬೇಕು, ಹೆಚ್ಚೆಂದರೆ 72 ಗಂಟೆಗಳೊಳಗೆ ತಲುಪಿಸಬೇಕು ಎಂದು ಇದೆ.

ಎಪ್ಪತ್ತೆರಡು ಗಂಟೆ ಎಂದರೆ ಮೂರು ದಿನ, ಬೇಕಾದಷ್ಟಾಯಿತು ಎಂದು ಯಾರಾದರೂ ಅಂದಾರು. ಲೆಕ್ಕ ಹಾಕಿ ನೋಡೋಣ. ಒಂದು ತಂಡದ ಮೊಟ್ಟೆಗಳು ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ಸುಮಾರು ಒಂದು ದಿನದ ಅಂತರ ಇರುತ್ತದೆ. ಭಾನುವಾರ ಬೆಳಿಗ್ಗೆ 6 ಗಂಟೆಗೆ ಮೊದಲ ಮರಿ ಹೊರಬಂತು ಎಂದಿಟ್ಟುಕೊಳ್ಳಿ. ಕೊನೆಯದು ಬರುವಾಗ ಸೋಮವಾರ ಬೆಳಗಾಯಿತು. ಒಣಗಿಸಿ, ಆರಿಸಿ, ಎಣಿಸಿ ಕಟ್ಟುವಾಗ ಮಧ್ಯಾಹ್ನ. ರಾತ್ರಿ ಬಸ್ಸು ಹತ್ತಿ ಮಂಗಳವಾರ ಬೆಳಿಗ್ಗೆ 6ಕ್ಕೆ ಪೆಟ್ಟಿಗೆ ನಮ್ಮ ಪೇಟೆಗೆ ಬಂದಾಗ ಆ ಮೊದಲ ಮರಿಗೆ ಆಗಲೇ 48 ಗಂಟೆ ವಯಸ್ಸು. ಇನ್ನು ಉಳಿದದ್ದು 24 ಗಂಟೆ. ಪೆಟ್ಟಿಗೆ ಬಂದ ಸುದ್ದಿ ತೋಟದ ಮೂಲೆಯಲ್ಲಿರುವ ಸದಸ್ಯನಿಗೆ ಮುಟ್ಟಬೇಕು. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ. ಆತ ಸಂಜೆಯ ಬಸ್ಸಿಗೆ ಬಂದು, ರಾತ್ರಿ ನೆಂಟರ ಮನೆಯಲ್ಲಿ ಉಳಿದು, ಬುಧವಾರ ಬೆಳಿಗ್ಗೆ ಹೊರಟರೆ ಬುತ್ತಿ ಮುಗಿದೇಹೋಯಿತು. ಮರಿ ಮನೆ ತಲುಪಿದಾಗ ಜೀವವಿದ್ದರೂ ತ್ರಾಣವಿರುವುದಿಲ್ಲ. ಮೂರನೆಯ, ನಾಲ್ಕನೆಯ ದಿನಕ್ಕೆ ಒಂದೊಂದಾಗಿ ಹೋಗುತ್ತವೆ. ಆಗ ಮರಿ ಕಳಿಸಿದವರನ್ನು ಬೈಯುವುದು ವಾಡಿಕೆ. ನಿಜವಾಗಿ ಮರಿ ಸತ್ತದ್ದು ಪೇಟೆಯ ಬಸ್ ನಿಲ್ದಾಣಕ್ಕೂ ತೋಟದ ಮನೆಗೂ ನಡುವೆ.

ಆದುದರಿಂದ ಪೆಟ್ಟಿಗೆಯ ಮೇಲೆ ಎಷ್ಟು ಮರಿ, ಯಾವ ತಳಿ ಎಂದು ಬರೆದರೆ ಸಾಲದು. ಮೊದಲ ಮರಿ ಒಡೆದ ದಿನ ಮತ್ತು ಗಂಟೆಯನ್ನು ಬರೆದು ಕಳಿಸುವಂತೆ ಕೇಳಬೇಕು. ಒಬ್ಬ ಸದಸ್ಯ ಕೇಳಿದರೆ ನಕ್ಕು ಸುಮ್ಮನಾದಾರು. ಇನ್ನೂರು ಮರಿಗೆ ಬೇಡಿಕೆ ಕೊಡುವ ಸಂಘ ಕೇಳಿದರೆ ಬರೆದೇ ಕೊಡುತ್ತಾರೆ.

ಮೊಟ್ಟೆ ತರಿಸುವುದು ಅಗ್ಗವೇ?

ಮರಿಗೆ ಇಷ್ಟು ಅವಸರವಿರುವಾಗ ಕಾವಿಗೆ ಇಡುವ ಮೊಟ್ಟೆಯನ್ನೇ ತರಿಸಿದರೆ ಹೇಗೆ ಎಂಬುದು ಹಲವರ ಪ್ರಶ್ನೆ. ಮೊಟ್ಟೆಗೆ ಬೆಲೆ ಕಡಿಮೆ, ಹಸಿವೆ ಬಾಯಾರಿಕೆ ಇಲ್ಲ. ಹೌದು. ಆದರೆ ಕಾವಿನ ಮೊಟ್ಟೆಯೂ ಜೀವವಿರುವ ವಸ್ತುವೇ. ಅದರ ದಪ್ಪ ತುದಿಯಲ್ಲಿರುವ ಗಾಳಿಯ ಕೋಶವು ಕುಲುಕಾಟಕ್ಕೆ ಸಡಿಲವಾಗುತ್ತದೆ. ನಮ್ಮ ಘಾಟಿಯ ತಿರುವುಗಳಲ್ಲಿ, ಹೊಂಡ ಬಿದ್ದ ರಸ್ತೆಯಲ್ಲಿ, ಲಗೇಜಿನ ಮೂಟೆಗಳ ನಡುವೆ ಬಂದ ಮೊಟ್ಟೆ ಹೊರಗೆ ಬಿರುಕಿಲ್ಲದೆ ಕಂಡರೂ ಒಳಗೆ ಕೆಟ್ಟಿರಬಹುದು. ಮೊಟ್ಟೆ ಇಟ್ಟ ಏಳು ದಿನದೊಳಗೆ ಕಾವಿಗೆ ಹೋಗಬೇಕು. ಆಮೇಲೆ ಒಡೆಯುವ ಸಂಖ್ಯೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಕಳಿಸುವವರು ನಾಲ್ಕು ದಿನ ಕೂಡಿಹಾಕಿ, ದಾರಿಯಲ್ಲಿ ಎರಡು ದಿನ ಕಳೆದರೆ ನಮಗೆ ಉಳಿಯುವುದು ಒಂದೇ ದಿನ.

ಲೆಕ್ಕ ಹೀಗಿದೆ. ದೂರದಿಂದ ಬಂದ ಮೊಟ್ಟೆಗಳಲ್ಲಿ ಅರ್ಧ ಒಡೆದರೆ ಒಳ್ಳೆಯದಾಯಿತೆಂದೇ ತಿಳಿಯಬೇಕು. ಇಪ್ಪತ್ತು ಮೊಟ್ಟೆ ತರಿಸಿದವರಿಗೆ ಹತ್ತು ಮರಿ. ಅದರಲ್ಲಿ ಅರ್ಧ ಗಂಡು. ಮೊಟ್ಟೆ ಇಡುವ ಹೆಣ್ಣು ಐದೇ. ಆ ಐದೂ ಮುಂಗುಸಿ, ಕಾಡುಬೆಕ್ಕುಗಳ ಬಾಯಿಗೆ ಬೀಳದೆ ಬೆಳೆಯಬೇಕು. ಇಪ್ಪತ್ತು ಮರಿಯನ್ನೇ ತರಿಸಿ ಜೋಪಾನ ಮಾಡಿದವರಿಗೆ ಎಂಟು ಒಂಬತ್ತು ಹೆಣ್ಣಾದರೂ ಕೈಗೆ ಹತ್ತುತ್ತವೆ. ಮೇಲುನೋಟದ ಅಗ್ಗ ಇಲ್ಲಿ ಅಗ್ಗವಲ್ಲ.

ಇನ್ನು ಕಾವಿನ ಪ್ರಶ್ನೆ. ಖಾಕಿ ಕ್ಯಾಂಪ್‌ಬೆಲ್ ಹೆಣ್ಣು ಮೊಟ್ಟೆ ಇಡುವುದರಲ್ಲಿ ಮುಂದು, ಕಾವಿಗೆ ಕೂರುವುದರಲ್ಲಿ ಇಲ್ಲವೇ ಇಲ್ಲವೆನ್ನಬೇಕು. ಹಾಗಾಗಿ ಮನೆಯ ನಾಟಿ ಹೇಂಟೆಯನ್ನೇ ನಂಬಬೇಕು. ಕೋಳಿಮೊಟ್ಟೆಗೆ 21 ದಿನ ಕೂರುವ ಹೇಂಟೆ ಬಾತಿನ ಮೊಟ್ಟೆಗೆ 28 ದಿನ ಕೂರಬೇಕು. ಆಗಲೇ ಹತ್ತು ದಿನ ಕೂತು ಬೇಸತ್ತ ಹೇಂಟೆಯಾದರೆ ನಡುವೆ ಎದ್ದು ಹೋದೀತು. ಆದ್ದರಿಂದ ಹೊಸದಾಗಿ ಕಾವು ಬಂದ ಹೇಂಟೆಯೇ ಆಗಬೇಕು. ಮೊಟ್ಟೆ ದೊಡ್ಡದಾದ ಕಾರಣ ಒಂದು ಹೇಂಟೆಗೆ ಎಂಟು ಹತ್ತಕ್ಕಿಂತ ಹೆಚ್ಚು ಇಡಬಾರದು. ಅದಕ್ಕೆ ಹೊರಳಿಸಲು ಕಷ್ಟವಾಗುವುದರಿಂದ ನಾವೇ ದಿನಕ್ಕೆರಡು ಸಲ ಮೆಲ್ಲಗೆ ಹೊರಳಿಸಬೇಕು. ಬಾತಿನ ಮೊಟ್ಟೆಗೆ ತೇವ ಹೆಚ್ಚು ಬೇಕು. ಹೇಂಟೆ ಮೇವಿಗೆ ಎದ್ದಾಗ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಚಿಮುಕಿಸುವುದು ಒಳ್ಳೆಯದು.

ಮನೆಯಲ್ಲಿ ಇಂಥ ಹೇಂಟೆ ಇದ್ದು, ಮೊಟ್ಟೆ ಇಟ್ಟ ತಾರೀಖನ್ನು ಕಳಿಸುವವರು ಬರೆದುಕೊಡುವುದಾದರೆ ಮಾತ್ರ ಮೊಟ್ಟೆ ತರಿಸುವುದಕ್ಕೆ ಅರ್ಥವಿದೆ. ಬಂದ ಮೊಟ್ಟೆಯನ್ನು ತೊಳೆಯದೆ, ಚೂಪು ತುದಿ ಕೆಳಗಾಗಿ, ತಂಪಾದ ಕಡೆ ಒಂದು ದಿನ ಅಲುಗಿಸದೆ ಇಟ್ಟು ಆಮೇಲೆ ಕಾವಿಗೆ ಇಡಬೇಕು. ಏಳನೆಯ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದರೆ ರಕ್ತನಾಳ ಹಬ್ಬಿದ ಮೊಟ್ಟೆ ಯಾವುದು, ಬರಿದು ಯಾವುದು ಎಂದು ತಿಳಿಯುತ್ತದೆ. ಉಳಿದ ಸದಸ್ಯರಿಗೆ ಮರಿಯೇ ಲೇಸು.

ಎಲ್ಲಿಂದ, ಯಾವ ತಳಿ

ಕರ್ನಾಟಕದವರಿಗೆ ಮೊದಲು ನೆನಪಾಗಬೇಕಾದದ್ದು ಬೆಂಗಳೂರಿನ ಹತ್ತಿರದ ಹೆಸರಘಟ್ಟ. ಅಲ್ಲಿ ಕೇಂದ್ರ ಸರ್ಕಾರದ ಬಾತುಕೋಳಿ ತಳಿ ಅಭಿವೃದ್ಧಿಯ ಕೆಲಸ ದೀರ್ಘಕಾಲದಿಂದ ನಡೆದುಬಂದಿದೆ. ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್, ಮಾಂಸಕ್ಕೆ ಬಿಳಿ ಪೆಕಿನ್ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು. ಖಾಕಿ ಕ್ಯಾಂಪ್‌ಬೆಲ್ ಇಂಗ್ಲೆಂಡಿನಲ್ಲಿ ಸುಮಾರು 1900ರ ಹೊತ್ತಿಗೆ ಶ್ರೀಮತಿ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ರೂಪಿಸಿದ ತಳಿ. ಒಳ್ಳೆಯ ಆರೈಕೆಯಲ್ಲಿ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡಬಲ್ಲುದು. ತೋಟದಲ್ಲಿ ತಾನೇ ಮೇದುಕೊಂಡು ಇರುವ ಬಾತಿನಿಂದ ಅಷ್ಟನ್ನು ನಿರೀಕ್ಷಿಸಬಾರದು. ಕೇರಳದ ಕುಟ್ಟನಾಡಿನ ಚಾರ, ಚೆಂಬಳ್ಳಿ ಬಾತುಗಳೂ ಗಟ್ಟಿಮುಟ್ಟಾದವು.

ಎಲ್ಲಿಂದ ತರಿಸಿದರೂ ಒಂದು ಎಚ್ಚರ ಬೇಕು. ಹಕ್ಕಿಜ್ವರಕ್ಕೆ ಸರ್ಕಾರಿ ಕೇಂದ್ರ, ಖಾಸಗಿ ಕೇಂದ್ರ ಎಂಬ ಭೇದವಿಲ್ಲ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಟರ್ಕಿ ಕೋಳಿಗಳಲ್ಲಿ ಅದು ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ನಾಶಪಡಿಸಬೇಕಾಯಿತು. ಕೇರಳದ ಆಲಪ್ಪುಳ ಜಿಲ್ಲೆಯ ಬಾತುಗಳಲ್ಲಿ 2014ರಲ್ಲಿ, 2021ರಲ್ಲಿ, ಮತ್ತೆ 2024ರಲ್ಲಿ ರೋಗ ಕಾಣಿಸಿತು. ಇಂಥ ಸಮಯದಲ್ಲಿ ಗಡಿಯ ತನಿಖಾ ಠಾಣೆಗಳಲ್ಲಿ ಹಕ್ಕಿಗಳನ್ನು ತಡೆಯುತ್ತಾರೆ. ಬಾತುಕೋಳಿ ರೋಗವನ್ನು ಹೊರಗೆ ತೋರಿಸದೆಯೇ ಹೊತ್ತು ತಿರುಗಬಲ್ಲುದು ಎಂಬುದೇ ಇದರಲ್ಲಿ ಭಯಪಡಬೇಕಾದ ಸಂಗತಿ. ಹಿತ್ತಲಿನಲ್ಲಿ ನಾಟಿ ಕೋಳಿ ಇರುವ ಮನೆಯವರಂತೂ ಮರೆಯಬಾರದು. ಹಣ ಕಳಿಸುವ ಮೊದಲು ನಮ್ಮ ಊರಿನ ಪಶುವೈದ್ಯರನ್ನು ಒಂದು ಮಾತು ಕೇಳಿ, ಕಳಿಸುವವರಿಂದ ಪಶುವೈದ್ಯರ ಆರೋಗ್ಯ ಪತ್ರ ತರಿಸಿಕೊಳ್ಳಬೇಕು. ಸಂತೆಯಲ್ಲಿ, ರಸ್ತೆಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಮರಿಗೆ ಈ ಪತ್ರ ಯಾರೂ ಕೊಡಲಾರರು.

ತರಿಸಲು ತಕ್ಕ ಕಾಲ

ಮಳೆಗಾಲ ಹಿಡಿದ ಕೂಡಲೇ ಬಾತುಕೋಳಿಯ ಆಸೆ ಹುಟ್ಟುವುದು ಸಹಜ. ತರಿಸಲು ಅದೇ ಕೆಟ್ಟ ಕಾಲ. 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಗಳು ಗುಡ್ಡ ಕುಸಿದು ಬಂದಾದುದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ದಿನ ಬಸ್ಸಿನಲ್ಲಿ ಮರಿಯ ಪೆಟ್ಟಿಗೆ ಇದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಜೊತೆಗೆ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ, ಮರಿಗೆ ಬಲ್ಬಿನ ಕಾವು ಕೊಡುವುದು ಹೇಗೆ?

ಎಲ್ಲಕ್ಕಿಂತ ಮುಖ್ಯವಾದ ಕಾರಣ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಮರಿಗಳೂ, ಅವುಗಳೊಡನೆ ಬಾತುಮರಿಗಳೂ ಸತ್ತಾಗ ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಷ್ಟಿನ ವಿಷವೇ ಈಗ ಅಫ್ಲಾಟಾಕ್ಸಿನ್ ಎಂದು ಹೆಸರಾಗಿರುವುದು. ಈ ವಿಷಕ್ಕೆ ಬಾತುಮರಿ ಎಷ್ಟು ಸೂಕ್ಷ್ಮವೆಂದರೆ, ಆಹಾರದಲ್ಲಿ ವಿಷವಿದೆಯೇ ಎಂದು ಪರೀಕ್ಷಿಸುವುದಕ್ಕೆ ಪ್ರಯೋಗಶಾಲೆಗಳಲ್ಲಿ ಬಾತುಮರಿಗಳನ್ನೇ ಬಳಸುತ್ತಿದ್ದರು. ಕೋಳಿ ತಡೆದುಕೊಳ್ಳುವಷ್ಟು ಬೂಷ್ಟಿನಿಂದಲೇ ಬಾತುಮರಿ ಸಾಯುತ್ತದೆ. ಆಷಾಢದ ತೇವದಲ್ಲಿ ನಮ್ಮ ಮನೆಗಳ ಜೋಳ, ಹಿಂಡಿ, ತೌಡು ಯಾವ ಸ್ಥಿತಿಯಲ್ಲಿರುತ್ತವೆ ಎಂಬುದು ಎಲ್ಲರಿಗೂ ಗೊತ್ತು.

ಹಾಗಾದರೆ ದೀಪಾವಳಿಯ ನಂತರವೇ ಎಂದರೆ, ಆಗ ಅಡಿಕೆ ಕೊಯ್ಲು, ಅರೇಬಿಕಾ ಹಣ್ಣಿನ ಕೊಯ್ಲು ಒಟ್ಟಿಗೇ ಬಂದು ಮರಿಯ ಕಡೆ ನೋಡಲು ಮನೆಯಲ್ಲಿ ಕೈಗಳಿರುವುದಿಲ್ಲ. ನನ್ನ ಎಣಿಕೆಯಲ್ಲಿ ಗಣೇಶನ ಹಬ್ಬ ಕಳೆದು ದೀಪಾವಳಿಯೊಳಗಿನ ಅವಧಿಯೇ ಸರಿಯಾದ ಕಾಲ. ಅಕ್ಟೋಬರ್ ಮೊದಲಲ್ಲಿ ಬಂದ ಮರಿ ಡಿಸೆಂಬರ್ ಹೊತ್ತಿಗೆ ತೋಟಕ್ಕೆ ಇಳಿಯುತ್ತದೆ. ಸುಮಾರು ಐದು ತಿಂಗಳಿಗೆ, ಅಂದರೆ ಮಾರ್ಚ್ ಸುಮಾರಿಗೆ, ಮೊಟ್ಟೆಗೆ ಬರುತ್ತದೆ. ಮುಂದಿನ ಮಳೆಗೆ ಬಸವನಹುಳು, ಸಿಂಬಳದ ಹುಳುಗಳು ಏಳುವಾಗ ಬಲಿತ ಹಕ್ಕಿಗಳು ಸಿದ್ಧವಾಗಿರುತ್ತವೆ.

ಬಸವನಹುಳುವಿನ ಮಾತು ಬಂದದ್ದರಿಂದ ಒಂದು ಸ್ಪಷ್ಟನೆ ಅಗತ್ಯ. ಶನಿವಾರಸಂತೆ ಸುತ್ತಿನ ಕಾಫಿ ತೋಟಗಳಿಗೆ ಕಾಟ ಕೊಟ್ಟ ದೊಡ್ಡ ಆಫ್ರಿಕನ್ ಬಸವನಹುಳುವನ್ನು ಬಾತು ನಿರ್ಮೂಲ ಮಾಡುತ್ತದೆಂದು ಯಾರೂ ನಂಬಬಾರದು. ಮೊಟ್ಟೆಯೊಡೆದ ಸಣ್ಣ ಮರಿಹುಳುಗಳನ್ನು ತಿನ್ನುತ್ತದೆ, ಅಂಗೈಯಗಲದ ಚಿಪ್ಪಿನ ಹುಳುವನ್ನಲ್ಲ. ಹುಳು ಕೊಲ್ಲಲು ಮೆಟಾಲ್ಡಿಹೈಡ್ ಗುಳಿಗೆ ಚೆಲ್ಲಿದ ತೋಟಕ್ಕೆ ಬಾತನ್ನು ಬಿಟ್ಟರೆ ಹುಳುವಿನ ಜೊತೆಗೆ ಬಾತೂ ಹೋಗುತ್ತದೆ. ಬೋರ್ಡೋ ಸಿಂಪಡಿಸುವ ದಿನಗಳಲ್ಲೂ ಮೈಲುತುತ್ತಿನ ನೀರು ನಿಂತ ಕಡೆಗೆ ಬಿಡಬಾರದು.

ಗೂಡು ಮೊದಲು, ಮರಿ ಆಮೇಲೆ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂಬ ಗಾದೆ ಇಲ್ಲಿಗೆ ಸಲ್ಲದು. ಪೆಟ್ಟಿಗೆ ಬರುವ ಹಿಂದಿನ ದಿನವೇ ಮರಿಯ ಜಾಗ ಬೆಚ್ಚಗಾಗಿರಬೇಕು. ಒಣ ಭತ್ತದ ಹೊಟ್ಟು ಹಾಸಿ, ಸುತ್ತ ತಗಡೋ ಚಾಪೆಯೋ ಕಟ್ಟಿ, ಬಲ್ಬು ಇಳಿಬಿಟ್ಟು ಮೊದಲ ವಾರ 30 ಡಿಗ್ರಿ ಸೆಲ್ಸಿಯಸ್ ಸುಮಾರಿನ ಕಾವು ಕೊಡಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಮರಿಗಳು ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಖೆ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಒಂದೊಂದು ಮರಿಯ ಕೊಕ್ಕನ್ನೂ ಉಗುರುಬೆಚ್ಚಗಿನ ನೀರಿಗೆ ಅದ್ದಿ ಕುಡಿಯಲು ಕಲಿಸಬೇಕು. ಮೊದಲು ನೀರು, ಒಂದೆರಡು ಗಂಟೆಯ ನಂತರ ಆಹಾರ. ನೀರಿನ ತಟ್ಟೆ ಕೊಕ್ಕು ಮುಳುಗುವಷ್ಟು ಆಳವಿರಬೇಕು, ಮರಿ ಇಳಿಯುವಷ್ಟು ಅಗಲವಿರಬಾರದು. ಬಾತುಮರಿಯಲ್ಲವೇ, ಈಜಲಿ ಎಂದು ಕೆರೆಗೆ ಬಿಟ್ಟರೆ ಸಾಯುತ್ತದೆ. ತಾಯಿಬಾತಿನ ರೆಕ್ಕೆಯಡಿ ಬೆಳೆದ ಮರಿಗೆ ತಾಯಿಯ ಗರಿಯ ಎಣ್ಣೆ ಹತ್ತಿರುತ್ತದೆ. ಪೆಟ್ಟಿಗೆಯಲ್ಲಿ ಬಂದ ಮರಿಗೆ ಅದಿಲ್ಲ, ತುಪ್ಪುಳ ನೆನೆದು ಚಳಿ ಹಿಡಿಯುತ್ತದೆ. ಕೋಳಿಮರಿಯ ಆಹಾರವನ್ನೇ ಕೊಡುವವರು ಔಷಧಿ ಬೆರೆಸದ್ದನ್ನು ಕೇಳಿ ತರಬೇಕು. ಬಾತುಮರಿಗೆ ನಯಾಸಿನ್ ಎಂಬ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು, ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಹಸನಾದ, ಹೊಸ ಅಕ್ಕಿತೌಡನ್ನು ಸ್ವಲ್ಪ ಸೇರಿಸುವುದು ಇದಕ್ಕೆ ಸಹಾಯಕ. ಬಾತಿನ ಕಾಲರಾ ಮತ್ತು ಬಾತಿನ ಪ್ಲೇಗಿಗೆ ಲಸಿಕೆಗಳಿವೆ. ಮೊದಲನೆಯದು ಮೂರು ನಾಲ್ಕು ವಾರಕ್ಕೆ, ಎರಡನೆಯದು ಎಂಟರಿಂದ ಹನ್ನೆರಡು ವಾರದೊಳಗೆ.

ಖರ್ಚನ್ನೂ ಮುಚ್ಚಿಡಬಾರದು. ಕಟ್ಟಿ ಸಾಕಿದರೆ ಖಾಕಿ ಕ್ಯಾಂಪ್‌ಬೆಲ್ ಮರಿಯೊಂದು 20 ವಾರದೊಳಗೆ ಸುಮಾರು 12.5 ಕಿಲೋ ಆಹಾರ ತಿನ್ನುತ್ತದೆ. ಇಪ್ಪತ್ತು ಮರಿಗೆ ಎರಡೂವರೆ ಕ್ವಿಂಟಲ್ ಆಯಿತು. ಮೊಟ್ಟೆಗೆ ಬಂದ ಮೇಲೆ ದಿನಕ್ಕೆ ಒಂದಕ್ಕೆ 120ರಿಂದ 170 ಗ್ರಾಂ. ತೋಟದ ಹುಳು, ಹುಲ್ಲು, ಗದ್ದೆಯ ಉದುರು ಕಾಳು ಇದರಲ್ಲಿ ಒಂದು ಪಾಲನ್ನು ಉಳಿಸಿಕೊಡುತ್ತವೆ, ಪೂರ್ತಿ ಅಲ್ಲ. ಬಾತುಕೋಳಿಗೆ ಖರ್ಚೇ ಇಲ್ಲ ಎನ್ನುವವರ ಮಾತನ್ನು ನಂಬಿ ಹಣ ಕಳಿಸಬೇಡಿ.

ಸಂಘ ಏಕೆ ಕೈಹಾಕಬೇಕು

ಇಷ್ಟೆಲ್ಲ ಬರೆದದ್ದು ಯಾರನ್ನೂ ಹೆದರಿಸಲಿಕ್ಕಲ್ಲ. ಇಪ್ಪತ್ತು ಮರಿ ತರಿಸುವ ಒಬ್ಬ ಸಣ್ಣ ಬೆಳೆಗಾರನಿಂದ ಮೇಲೆ ಹೇಳಿದ್ದರಲ್ಲಿ ಅರ್ಧವನ್ನೂ ಮಾಡಲಾಗುವುದಿಲ್ಲ ಎಂದು ತೋರಿಸಲಿಕ್ಕೆ. ಆತ ಒಬ್ಬನೇ ಹೆಸರಘಟ್ಟಕ್ಕೆ ಹೋಗಿ ಬಂದರೆ ಪ್ರಯಾಣದ ಖರ್ಚು ಮರಿಯ ಬೆಲೆಯನ್ನು ಮೀರುತ್ತದೆ. ಬಸ್ಸಿಗೆ ಹಾಕಿಸಿದರೆ ಕಾಯುವವರಿಲ್ಲ. ಆರೋಗ್ಯ ಪತ್ರ, ಒಡೆದ ಗಂಟೆ, ದಾರಿಯಲ್ಲಿ ಸತ್ತ ಮರಿಗೆ ಬದಲಿ ಎಂದೆಲ್ಲ ಕೇಳಲು ಅವನ ಬೇಡಿಕೆಗೆ ತೂಕವಿಲ್ಲ. ಹತ್ತು ಮನೆಯವರು ಕೂಡಿದರೆ ಇನ್ನೂರು ಮರಿ. ಆಗ ಒಬ್ಬರು ಜೀಪು ಮಾಡಿಕೊಂಡು ಹೋಗಿ, ಕಟ್ಟುವುದನ್ನು ಕಣ್ಣಾರೆ ನೋಡಿ, ರಾತ್ರಿಯ ತಂಪಿನಲ್ಲಿ ಹೊರಟು ಬೆಳಗಿಗೆ ಊರು ಸೇರಬಹುದು. ಬಸ್ಸು, ನಿಲ್ದಾಣ, ಕಾಯುವುದು ಎಲ್ಲ ಕಳೆದು ಇಪ್ಪತ್ತು ಗಂಟೆಯಾದರೂ ಉಳಿಯಿತು. ಆ ಇಪ್ಪತ್ತು ಗಂಟೆಯೇ ಮರಿಯ ಜೀವ.

ಸಂಘಕ್ಕೆ ಕಾಫಿ, ಅಡಿಕೆ, ಗೊಬ್ಬರ, ಸಾಲ ಇವುಗಳ ಭಾರವೇ ಸಾಕಾಗಿದೆ, ಮರಿಯ ಉಸಾಬರಿ ಬೇರೆಯೇ ಎಂದು ಆಡಳಿತ ಮಂಡಳಿಯ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ಹೊಸ ವಿಭಾಗವನ್ನಲ್ಲ, ಒಂದು ನೋಟ್ ಪುಸ್ತಕವನ್ನು. ಆಗಸ್ಟ್ ತಿಂಗಳಲ್ಲಿ ಹೆಸರು, ಮರಿಯ ಸಂಖ್ಯೆ, ಮುಂಗಡ ಬರೆದುಕೊಳ್ಳುವುದು. ನೂರಕ್ಕಿಂತ ಕಡಿಮೆಯಾದರೆ ಆ ವರ್ಷ ಬಿಟ್ಟುಬಿಡುವುದು. ಹೋಗಿ ತರುವವರಿಗೆ ಖರ್ಚು ಕೊಡುವುದು. ಪೇಟೆಗೆ ಹತ್ತಿರವಿರುವ, ಕರೆಂಟಿಗೆ ಬದಲಿ ವ್ಯವಸ್ಥೆ ಇರುವ ಒಬ್ಬ ಸದಸ್ಯರ ಮನೆಯಲ್ಲಿ ಮೂರು ವಾರ ಮರಿ ಇಡುವುದು, ಅವರಿಗೆ ಮರಿಗಿಷ್ಟೆಂದು ಕೂಲಿ ಕೊಡುವುದು. ಗೊಬ್ಬರ, ಔಷಧಿಗಳ ಗೋದಾಮು ಮಾತ್ರ ಇದಕ್ಕೆ ಸಲ್ಲದು. ಒಂದೇ ಕಡೆ ಇಟ್ಟರೆ ರೋಗ ಬಂದಾಗ ಎಲ್ಲವೂ ಹೋಗುತ್ತದಲ್ಲ ಎಂಬ ಆಕ್ಷೇಪವಿದೆ. ಹತ್ತು ಮನೆಯಲ್ಲಿ ಹತ್ತು ರೀತಿ ಅರೆಬರೆ ಕಾವು ಕೊಟ್ಟು ಕಳೆದುಕೊಳ್ಳುವುದಕ್ಕಿಂತ, ಪಶುವೈದ್ಯರು ಒಂದು ಸಲ ಬಂದು ನೋಡಬಹುದಾದ ಒಂದೇ ಗೂಡು ಮೇಲೆಂದು ನನ್ನ ಉತ್ತರ.

ಹಂಚುವಾಗಿನ ನಿಯಮ ಮಾತ್ರ ಗಟ್ಟಿಯಾಗಿರಬೇಕು. ಇನ್ನೂರರಲ್ಲಿ ಇಪ್ಪತ್ತು ಸತ್ತರೆ ಇಪ್ಪತ್ತು ಬರೆಸಿದವರಿಗೆ ಹದಿನೆಂಟು, ಹತ್ತು ಬರೆಸಿದವರಿಗೆ ಒಂಬತ್ತು. ಇಂಥವರ ಪೆಟ್ಟಿಗೆ ಸತ್ತಿತು, ನಮ್ಮದು ಉಳಿಯಿತು ಎಂಬ ಮಾತೇ ಬರಕೂಡದು. ಸಹಕಾರ ಎಂದರೆ ಲಾಭ ಹಂಚುವುದಷ್ಟೇ ಅಲ್ಲ.

ಕೊನೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಕೋಳಿ, ಬಾತು ಸಾಕುವವರು ಹೆಂಗಸರು. ಮರಿಗೆ ಕೊಡುವ ಹಣವೂ ಬಹುಪಾಲು ಅವರು ಮೊಟ್ಟೆ ಮಾರಿ, ಸ್ವಸಹಾಯ ಸಂಘದಲ್ಲಿ ಉಳಿಸಿ ಕೂಡಿಟ್ಟದ್ದು. ಆದರೆ ತೋಟದ ಪಹಣಿ ಗಂಡಸರ ಹೆಸರಿನಲ್ಲಿದೆ, ಸಂಘದ ಸದಸ್ಯತ್ವವೂ ಅವರ ಹೆಸರಿನಲ್ಲೇ. ಮರಿಯ ಪುಸ್ತಕದಲ್ಲಿ ಸದಸ್ಯರ ಮನೆಯ ಹೆಂಗಸರು ತಮ್ಮ ಹೆಸರಿನಲ್ಲೇ ಬೇಡಿಕೆ ಬರೆಸಲು, ಮುಂಗಡ ಕಟ್ಟಲು, ರಸೀದಿ ಪಡೆಯಲು ಅವಕಾಶವಿರಬೇಕು. ಬಸ್ ನಿಲ್ದಾಣದಲ್ಲಿ ಸತ್ತ ಇಪ್ಪತ್ತು ಮರಿ ಸಂಘದ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿ ಮಾತ್ರ ಕಾಣುತ್ತದೆ.

ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನು ವಿನಂತಿಸುತ್ತೇನೆ. ಒಪ್ಪದವರು ತಮ್ಮ ಕಾರಣಗಳನ್ನು ಇದೇ ಪತ್ರಿಕೆಗೆ ಬರೆಯಲಿ. ಅಲ್ಲಿಯ ತನಕ, ಯಾರೇ ಆಗಲಿ ಒಬ್ಬರೇ ಹಣ ಕಳಿಸುವ ಮುನ್ನ ಕಾಗದ ಪೆನ್ಸಿಲು ಹಿಡಿದು, ಮರಿ ಒಡೆಯುವ ಗಂಟೆಯಿಂದ ತಮ್ಮ ಮನೆಯ ಬಲ್ಬಿನ ಕೆಳಗೆ ಅದು ನೀರು ಕುಡಿಯುವ ಗಂಟೆಯವರೆಗೆ ಲೆಕ್ಕ ಹಾಕಲಿ. ಲೆಕ್ಕ ಎಪ್ಪತ್ತೆರಡನ್ನು ದಾಟಿದರೆ ಈ ವರ್ಷ ತರಿಸದಿರುವುದೇ ಲೇಸು.

— ಸಂಘದ ಒಬ್ಬ ಸದಸ್ಯ